ಪಾಲಿಸಿ ಮತ್ತು ಕಳ್ಳ ಕುಬಸ

ಸಂಗಮೇಶ ಮಾಡಿದ ತಪ್ಪು ಒಂದೇ: ಇಳಕಲ್ಲಿನ ಓಣಿಯ ಕಟ್ಟೆಯ ಮೇಲೆ ಕೂತು ಫೋನನ್ನು ಸ್ಪೀಕರಿಗೆ ಹಾಕಿದ್ದು.

“ಹೆರಿಗಿ ಖರ್ಚು ಸಿಗಬೇಕಂದ್ರ ಬಸರಾಗೂಕಿಂತ ಮದ್ಲ ಪಾಲಿಸಿ ಮಾಡಸ್ಬೇಕ್ರಿ. ಆಮ್ಯಾಲ ಎರಡು ವರ್ಷ ಕಾಯ್ಬೇಕು,” ಎಂದಳು ವಿಮಾ ಕಂಪನಿಯ ಆಫ್ರೀನ. “ಮಧ್ಯಾಹ್ನ ಮನಿಗೆ ಬಂದು ನೋಡ್ತೇನಿ.”

ಅಣ್ಣನ ಹೆಂಡತಿಯ ಹೆರಿಗೆ ಅಣ್ಣನ ಟ್ರ್ಯಾಕ್ಟರನ್ನೇ ನುಂಗಿತ್ತು. ಅಂದಿನಿಂದ ಸಂಗಮೇಶನಿಗೆ ಪಾಲಿಸಿಯದೇ ಜಪ. ಉಣ್ಣುವಾಗಲೂ ಫೋನು, ಮಲಗುವಾಗಲೂ ಫೋನು. ಹೆಂಡತಿ ನೇತ್ರಾ “ರೀ, ಒಂದ್ ಮಾತು…” ಎಂದರೆ ಸಂಚಾರಿ ಪೊಲೀಸನ ಹಾಗೆ ಕೈ ಎತ್ತಿ ತಡೆಯುತ್ತಿದ್ದ.

ಎದುರುಮನೆಯ ಶಿವಲಿಂಗವ್ವ ಫೋನಿನ ಮಾತು ಕೇಳಿ ಕೈಯಲ್ಲಿನ ಮೊರ ಕೆಳಗಿಟ್ಟಳು. ಮೂರನೇ ತಿಂಗಳಲ್ಲಿ ಯಾರಿಗೂ ತಿಳಿಯದಂತೆ ಬಸುರಿಗೆ ಮಾಡುವ ಕಳ್ಳ ಕುಬಸಕ್ಕೆ ಇಡೀ ಓಣಿಯನ್ನೇ ಕರೆದಳು. ಮಧ್ಯಾಹ್ನ ಸಂಗಮೇಶ ಒಳಗೆ ಕಾಲಿಟ್ಟಾಗ ನೇತ್ರಾ ಹಸಿರು ಬಳೆ, ಖಣದ ಕುಬಸ ತೊಟ್ಟು ಮಣೆಯ ಮೇಲಿದ್ದಳು.

“ಯವ್ವಾ, ಏನಿದು! ಕಂಪನಿಯಾಕಿ ಬರೂ ಹೊತ್ತಾತು, ತಗೀರಿ ಎಲ್ಲಾ!”

“ಉಡಿ ತುಂಬಿದ್ದು ಹೊಳ್ಳಿ ತಗೀತಾರೇನೋ ಹುಚ್ಚಪ್ಪಾ?” ಎಂದಳು ಶಿವಲಿಂಗವ್ವ.

“ಹಂಗಾರ ಹುಟ್ಟಿದಹಬ್ಬ ಅನ್ರಿ!”

ಅಷ್ಟರಲ್ಲಿ ಬಾಗಿಲಲ್ಲಿ ಆಫ್ರೀನ. ಶಿವಲಿಂಗವ್ವ ಅವಳ ಕೈಗೆ ಹೋಳಿಗೆ ಇಟ್ಟು ಪಿಸುಗುಟ್ಟಿದಳು: “ಬಾರವ್ವಾ, ಕಳ್ಳ ಕುಬಸ ಐತಿ. ಯಾರ ಮುಂದೂ ಅನಬ್ಯಾಡ.”

ಆಫ್ರೀನ ಹೋಳಿಗೆ ತಿಂದು ಮುಗಿಸಿ, “ಈ ಹೆರಿಗಿಗೆ ಪಾಲಿಸಿ ಆಗೂದಿಲ್ರಿ ಸರ್,” ಎಂದಳು.

“ಆಕಿ ಬಸರಿಲ್ರಿ! ನನಗ ಗೊತ್ತಿಲ್ದ ಹೆಂಗಾಗ್ತೈತಿ? ನಡೀರಿ ದವಾಖಾನಿಗೆ, ಟೆಸ್ಟ್ ಮಾಡಸೂಣು!”

ನೇತ್ರಾ ಅವನ ಅಂಗಿ ಜಗ್ಗಿದಳು. ಅವನು ಕೈ ಎತ್ತಿದ. ನೇತ್ರಾ ಮುಂದೆ, ಅವನು ಹಿಂದೆ, ಅವರ ಹಿಂದೆ ಆಫ್ರೀನ, ಆಮೇಲೆ ಹೋಳಿಗೆ ಜಗಿಯುತ್ತ ಓಣಿ.

ದವಾಖಾನೆಯ ಡಾಕ್ಟರ್ ಅಬೇದಾ ಕನ್ನಡಕ ಏರಿಸಿದರು. “ಮತ್ತ್ಯಾಕ ಟೆಸ್ಟ್? ಹೋದ ವಾರ ನಾನ ಮಾಡೇನಲ್ಲ. ಮೂರರಾಗ ಐತಿ.”

ಸಂಗಮೇಶನ ಬಾಯಿ ತೆರೆದ ಗೋಣಿಚೀಲವಾಯಿತು. “ನನಗ್ಯಾಕ ಹೇಳ್ಲಿಲ್ಲ?”

“ಹೇಳಾಕ ಬಂದಾಗೆಲ್ಲ ಕೈ ಎತ್ತಿದ್ರಿ. ಕಡೀಕ ಶಿವಲಿಂಗವ್ವಾಯಿಗೆ ಹೇಳಿದೆ. ಫೋನಿನ್ಯಾಗ ಹೆರಿಗಿ ಮಾತು ಕೇಳಿ, ನಿಮಗೂ ಗೊತ್ತಾತು ಅಂತ ಆಕಿ ಕುಬಸಕ್ಕ ಕರದ್ಲು.”

ಅವನಿಗೆ ನಗುವೂ ಬಂತು, ಅಣ್ಣನ ಟ್ರ್ಯಾಕ್ಟರೂ ನೆನಪಾಯಿತು. ಆಫ್ರೀನಳಿಗೆ ಪಾಪ ಎನಿಸಿತು. “ಎರಡನೇ ಕೂಸಿಗರ ಈಗ ಮಾಡಸ್ರಿ ಸರ್. ಎರಡು ವರ್ಷ ಕಾದ್ರ ಆತು.”

ಸಂಗಮೇಶ ಖುಷಿಯಿಂದ ಜೇಬಿನ ಫೋನಿಗೆ ಕೈ ಹಾಕಿದ.

ನೇತ್ರಾ ಕೈ ಎತ್ತಿದಳು.