ಬೋರಿನ ನೀರು, ಕಡಲೆಬೇಳೆ ಮತ್ತು ನನ್ನ ರಸಾಯನಶಾಸ್ತ್ರ

ರಸಾಯನಶಾಸ್ತ್ರ ಕಲಿಸಿದವನಿಗೆ ಒಂದು ರೋಗ ಅಂಟಿಕೊಂಡಿರುತ್ತದೆ. ಅವನಿಗೆ ಯಾವುದನ್ನೂ ಸುಮ್ಮನೆ ನೋಡಲು ಬರುವುದಿಲ್ಲ. ಮುಂದೆ ಕರಿ ಚಹಾ ಇಟ್ಟರೆ ಕುಡಿಯುವುದು ಬಿಟ್ಟು, ಅದಕ್ಕೆ ಲಿಂಬೆಹಣ್ಣು ಹಿಂಡಿದರೆ ಬಣ್ಣ ಯಾಕೆ ತಿಳಿಯಾಗುತ್ತದೆಂದು ಹೇಳತೊಡಗುತ್ತಾನೆ. ಹೆಚ್ಚಿಟ್ಟ ಬದನೆಕಾಯಿ ಕಪ್ಪಾದರೆ ಆಮ್ಲಜನಕದ ಕಥೆ ತೆಗೆಯುತ್ತಾನೆ. ನಾನು ಮಿರಜಿನ ಒಂದು ಶಾಲೆಯಲ್ಲಿ ಮೂವತ್ತೊಂದು ವರ್ಷ ಈ ವಿಷಯ ಕಲಿಸಿ, ಈಗ ಸಾಂಗಲಿಯ ವಿಶ್ರಾಮಬಾಗದ ಮನೆಯಲ್ಲಿ ನಿವೃತ್ತನಾಗಿ ಕೂತಿದ್ದೇನೆ. ಶಾಲೆಯಲ್ಲಾದರೆ ಗಂಟೆ ಬಾರಿಸಿದೊಡನೆ ಬಾಯಿ ಮುಚ್ಚುತ್ತಿದ್ದೆ. ಮನೆಯಲ್ಲಿ ಗಂಟೆ ಬಾರಿಸುವವರಿಲ್ಲ. ಶಾಲೆಯಲ್ಲಿ ಕಲಿಸಿದ್ದು ಮರಾಠಿಯಲ್ಲಿ, ಮನೆಯಲ್ಲಿ ಆಡುವುದು ಕನ್ನಡ. ಹೀಗಾಗಿ ನನ್ನ ಹೆಂಡತಿ ಸುನಂದಾಳಿಗೆ ಎರಡೂ ಭಾಷೆಗಳಲ್ಲಿ ತಲೆಚಿಟ್ಟು ಹಿಡಿದಿದೆ.

ಈ ರೋಗದಿಂದ ನಾನು ಮಾಡಿಕೊಂಡ ದೊಡ್ಡ ಲುಕ್ಸಾನು ಎಂದರೆ ಮಾವಶಿಯದು. ಮಾವಶಿ ಸುನಂದಾಳ ತಾಯಿಯ ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಸುನಂದಾಳನ್ನು ಎತ್ತಿ ಆಡಿಸಿದವರು, ಬೈದು ಬೆಳೆಸಿದವರು ಅವರೇ. ಕವಲಾಪುರದಲ್ಲಿ ಮನೆ, ಹೊಲ. ಎರಡು ತಿಂಗಳಿಗೊಮ್ಮೆ ದ್ರಾಕ್ಷಿಯೋ ಅರಿಷಿಣವೋ ಚೀಲದಲ್ಲಿ ತುಂಬಿಕೊಂಡು ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಯುಗಾದಿ ಪಾಡ್ವಾದ ದಿನ, ಮನೆತುಂಬ ನೆಂಟರಿದ್ದಾಗ, ಅವರು ಅಡುಗೆಮನೆಯಿಂದ ಹೇಳಿದರು: "ಸುನಂದಾ, ಬೋರಿನ ನೀರಾಗ ಬ್ಯಾಳಿ ಬೇಯಂಗಿಲ್ಲವಾ. ನಳದ ನೀರು ಹಾಕು."

ಕೇಳಿಸಿಕೊಂಡು ಸುಮ್ಮನಿದ್ದರೆ ನಾನು ಮೇಷ್ಟ್ರು ಹೇಗಾದೇನು? ಎಲ್ಲರೆದುರು ನಕ್ಕು, "ಮಾವಶಿ, ನೀರು ಅಂದ್ರ ನೀರ. ಬ್ಯಾಳಿಗೇನು ಗೊತ್ತರಿ ಅದು ನಳದಿಂದ ಬಂದೈತೋ ಬೋರಿನಿಂದ ಬಂದೈತೋ? ಇದೆಲ್ಲಾ ಹಳೇ ಮಂದಿ ಭ್ರಮಾ" ಎಂದುಬಿಟ್ಟೆ. ನೆಂಟರೂ ನಕ್ಕರು. ಮಾವಶಿ ಸೆರಗು ಸರಿಮಾಡಿಕೊಂಡು, "ಹೌದ್ರಿ ಜಾವಯಿಬಾಪು, ನಾವೇನು ಸಾಲಿ ಕಲಿತವ್ರಲ್ಲ" ಎಂದರು. ನಮ್ಮ ಕಡೆ ಅಳಿಯನನ್ನು ಹೀಗೆ ಮರಾಠಿಯಲ್ಲೇ ಕರೆಯುವುದು. ಆವತ್ತು ಆ ಮರ್ಯಾದೆ ಚುಚ್ಚಿತು. ಊಟ ಮುಗಿಸಿ ಅದೇ ದಿನ ಹೊರಟರು, ಮತ್ತೆ ಬರಲಿಲ್ಲ. ಜಗಳವಿಲ್ಲ, ಮಾತು ಬಿಟ್ಟಿಲ್ಲ. ಫೋನಿನಲ್ಲಿ ಎಲ್ಲರ ಕ್ಷೇಮ ಕೇಳುತ್ತಾರೆ. ಬರ್ರಿ ಎಂದರೆ ಮಾತ್ರ, "ಬರ್ತೇನವಾ, ಪುರುಸೊತ್ತ ಇಲ್ಲ" ಎನ್ನುತ್ತಾರೆ. ಸುನಂದಾ ನನ್ನನ್ನು ಒಂದು ಸಲವೂ ಬೈಯಲಿಲ್ಲ. ಹಬ್ಬದ ದಿನ ಹೊರಬಾಗಿಲಿನ ಕಡೆ ನಾಲ್ಕು ಸಲ ನೋಡುತ್ತಿದ್ದಳು, ಅಷ್ಟೇ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹೀಗಿರುವಾಗ ಈ ಚಳಿಗಾಲದಲ್ಲಿ ಸುನಂದಾ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಸುದ್ದಿ ಕೇಳಿ ಮಾವಶಿ ನೋಡಲು ಬರುತ್ತೇನೆಂದರು. ಆದರೆ ಒಂದು ಕರಾರು: "ಉಂಡು ನಾಕೂವರಿ ಬಸ್ಸಿಗೆ ಹೋಗಾಕಿ ನಾ." ನಮ್ಮದು ಜೈನರ ಮನೆ, ಮಾವಶಿ ಹೊತ್ತು ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವರಲ್ಲ. ಆ ಬಸ್ಸು ತಪ್ಪಿದರೆ ಮುಂದಿನದು ಊರು ಮುಟ್ಟಿಸುವಷ್ಟರಲ್ಲಿ ಕತ್ತಲಾಗಿರುತ್ತದೆ. ಸುನಂದಾ ನನ್ನೆದುರು ಕೂತು ಹೇಳಿದಳು: "ಉಣ್ಣಾಕ ಎಲ್ಲಾರೂ ಬರ್ತಾರ್ರಿ. ಮೊದಲಿನಂಗ ಒಂದು ದಿನ ಇದ್ರಂದ್ರ, ಅವತ್ತ ಸಿಟ್ಟು ಹೋತು ಅಂತ ತಿಳೀತೇನಿ." ಹೇಳುವಾಗ ಅವಳ ಕಣ್ಣು ತುಂಬಿತ್ತು. ಮಾವಶಿಗೆ ಹೋಳಿಗೆ ಎಂದರೆ ಜೀವ. "ನಾ ಮಾಡ್ತೇನಿ ಹೋಳಿಗಿ" ಎಂದೆ. ಸುನಂದಾ ತನ್ನ ಪ್ಲಾಸ್ಟರ್ ನೋಡಿಕೊಂಡಳು, ನನ್ನನ್ನು ನೋಡಿದಳು, ಬೇರೆ ದಾರಿ ಕಾಣದೆ ಒಪ್ಪಿದಳು.

ಮಾವಶಿ ಬರುವ ದಿನವೇ ಸುನಂದಾಳಿಗೆ ಪ್ಲಾಸ್ಟರ್ ತೋರಿಸಲು ಮಿರಜಿನ ದವಾಖಾನೆಗೆ ಹೋಗುವುದಿತ್ತು. ಪಕ್ಕದ ಮನೆಯವರ ಜೊತೆ ಹೊರಡುವ ಮುಂಚೆ ಎಲ್ಲವನ್ನೂ ಒಪ್ಪಿಸಿದಳು: ಕಡಲೆಬೇಳೆ ನೆನೆದಿದೆ, ಚಿಟಿಕೆ ಅರಿಷಿಣ, ಒಂದು ಚಮಚ ಎಣ್ಣೆ, ನಾಲ್ಕು ಸೀಟಿ, ಮುಂದಿನದು ತಾನು ಬಂದ ಮೇಲೆ. "ನಳಕ್ಕ ಇವತ್ತ ನೀರಿಲ್ಲ. ಒಂದ ಕೊಡ ಹಿಡಿದಿಟ್ಟೇನಿ, ಬ್ಯಾಳಿಗೆ ಅದನ್ನ ಹಾಕ್ರಿ" ಎಂದೂ ಹೇಳಿದಳು. ಅವಳು ಗೇಟು ದಾಟಿದ ಮೇಲೆ ಆ ಕೊಡದ ಮುಂದೆ ನಿಂತು ವಿಚಾರ ಮಾಡಿದೆ. ಇರುವುದೇ ಒಂದು ಕೊಡ ಕುಡಿಯುವ ನೀರು. ಕುದಿಸಿ ಬಸಿಯುವ ಬೇಳೆಗೆ ಅದನ್ನು ಸುರಿಯುವುದು ಯಾವ ಶಾಸ್ತ್ರ? ಬೋರಿನ ನೀರು ತಂದು, ನಮ್ಮ ಪದ್ಧತಿಯಂತೆ ಬಟ್ಟೆಯಲ್ಲಿ ಸೋಸಿ ಕುಕ್ಕರಿಗೆ ಹಾಕಿದೆ. ನಾಲ್ಕು ಸೀಟಿ ಆಯಿತು. ಮುಚ್ಚಳ ತೆಗೆದು ಒಂದು ಕಾಳು ಹಿಚುಕಿದೆ. ಅದು ಬೆರಳಿನಿಂದ ಜಾರಿ ಗೋಡೆಗೆ ಬಡಿಯಿತು. ಮತ್ತೆ ನಾಲ್ಕು ಸೀಟಿ. ಬೇಳೆ ಬಿಸಿಯಾಗಿತ್ತೇ ಹೊರತು ಬೆಂದಿರಲಿಲ್ಲ.

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ಗಡಸು ನೀರು! ನೆಲದೊಳಗೆ ಕಲ್ಲಿನ ಸಂದಿಯಲ್ಲಿ ಇಳಿದು ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಬಟ್ಟೆಗೆ ಹುಳ ಸಿಕ್ಕೀತು, ಕಸ ಸಿಕ್ಕೀತು; ಕರಗಿದ್ದು ಸಿಗುವುದಿಲ್ಲ. ಬೇಳೆಯ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟು ಇರುತ್ತದಲ್ಲ, ಬೇಯುವಾಗ ಅದು ಕರಗಬೇಕು. ಈ ಕ್ಯಾಲ್ಸಿಯಂ ಹೋಗಿ ಆ ಅಂಟನ್ನು ಇನ್ನಷ್ಟು ಬಿಗಿಯಾಗಿ ಕಟ್ಟಿಹಾಕುತ್ತದೆ. ಬೇಳೆ ಕುದಿಯುತ್ತದೆ, ಆದರೆ ಒಡೆಯುವುದಿಲ್ಲ. ಗಡಸು ನೀರಿನ ಪಾಠವನ್ನು ನಾನು ಮೂವತ್ತೊಂದು ಸಲ ಮಾಡಿದ್ದೇನೆ. ಸಾಬೂನು ಯಾಕೆ ನೊರೆ ಕೊಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರವನ್ನು ಬಾಯಿಪಾಠ ಮಾಡಿಸಿದ್ದೇನೆ. ಪುಸ್ತಕದಲ್ಲಿ ಸಾಬೂನಿತ್ತು, ಬೇಳೆ ಇರಲಿಲ್ಲ. ಅದಕ್ಕೇ ನನಗೆ ಹೊಳೆಯಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಮಾವಶಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲವಲ್ಲ ಎಂದು ಒಬ್ಬನೇ ನಿಂತು ನಾಚಿಕೊಂಡೆ.

ನಾಚಿಕೊಂಡು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಕಾರಣ ಗೊತ್ತಾದ ಮೇಷ್ಟ್ರಿಗೆ ಕೈ ಸುಮ್ಮನಿರುವುದಿಲ್ಲ. ಅಡುಗೆ ಸೋಡಾ ಹಾಕಿದರೆ ಅದು ಕ್ಯಾಲ್ಸಿಯಮ್ಮನ್ನು ಹಿಡಿದು ಆಚೆ ಕೂಡಿಸುತ್ತದೆ, ಬೇಳೆಯ ಅಂಟು ಸಡಿಲಾಗುತ್ತದೆ. ಲೆಕ್ಕ ಸರಿ. ಹಾಕಬೇಕಾದ್ದು ಒಂದು ಚಿಟಿಕೆ. ಮಾವಶಿಯ ಬಸ್ಸು ಬರುವ ಹೊತ್ತಾಯಿತೆಂಬ ಗಾಬರಿಯಲ್ಲಿ ನಾನು ಹಾಕಿದ್ದು ದೊಡ್ಡ ಚಮಚ, ಅದೂ ಎರಡು. ಬೇಳೆ ಬೆಂದಿತು ನೋಡಿ, ಗಂಜಿಯಾಗುವ ಹಾಗೆ ಬೆಂದಿತು. ಅದರ ಜೊತೆಗೆ ಇಡೀ ಕುಕ್ಕರು ಕೆಂಪಗಾಯಿತು! ಅರಿಷಿಣಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ. ಅಂಗಿಯ ಮೇಲಿನ ಅರಿಷಿಣದ ಕಲೆಗೆ ಸಾಬೂನು ಹಚ್ಚಿದಾಗ ಆಗುವುದೂ ಇದೇ. ಅರಿಷಿಣದ ಪೇಟೆಯಿರುವ ಸಾಂಗಲಿಯಲ್ಲಿ ಹುಟ್ಟಿ ಬೆಳೆದು ಇದನ್ನು ಮರೆತವನು ನಾನೊಬ್ಬನೇ ಇರಬೇಕು.

ಅಷ್ಟರಲ್ಲಿ ಗೇಟಿನ ಸಪ್ಪಳ. ಬಸ್ಸಿನಿಂದ ಇಳಿದ ಮಾವಶಿ, ದವಾಖಾನೆಯಿಂದ ಬಂದ ಸುನಂದಾ, ಇಬ್ಬರೂ ಬಾಗಿಲಲ್ಲೇ ಭೇಟಿಯಾಗಿ ಒಟ್ಟಿಗೇ ಒಳಗೆ ಬಂದರು. ಮಾವಶಿ ಕೈಕಾಲು ತೊಳೆದು ನೆಟ್ಟಗೆ ಅಡುಗೆಮನೆಗೇ ಬಂದು ಕುಕ್ಕರಿನಲ್ಲಿ ಇಣುಕಿದರು.

"ಅಯ್ಯ ಶಿವನ! ಸುನಂದಾ, ಬಾ ಇಲ್ಲೆ. ನಿನ್ನ ಗಂಡ ಬ್ಯಾಳಿ ಕುದಿಸಿ ಕುಂಕುಮ ಮಾಡ್ಯಾರ ನೋಡು."

ಸುನಂದಾಳ ಮುಖ ಬಾಡಿಹೋಯಿತು. ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ಮಾವಶಿ, ನಂದ ತಪ್ಪಾತ್ರಿ" ಎಂದೆ. "ಬೋರಿನ ನೀರು ಹಾಕೇನಿ. ಬೇಯಲಿಲ್ಲ. ನೀವು ಹೇಳಿದ್ದ ಖರೇ ಇತ್ತು. ಅವತ್ತ ನಾಕ ಮಂದಿಯೊಳಗ ನಿಮಗ ಹಂಗ ಅನಬಾರದಿತ್ತು." ಮಾವಶಿ ನನ್ನ ಕಡೆ ನೋಡಲೇ ಇಲ್ಲ. ಬೇಳೆಯನ್ನು ಸೌಟಿನಿಂದ ಎತ್ತಿ ಮೂಸಿ, "ಸಾಬಾಣ ವಾಸನಿ ಹೊಡಿಯಾಕತ್ತೈತಿ. ಹೂರಣಕ್ಕ ಬರಂಗಿಲ್ಲ ಇದು. ಹುಣಸಿಹಣ್ಣು ಎಲ್ಲೈತಿ?" ಎಂದರು.

ಹುಣಸೆಹಣ್ಣಿನ ರಸ ಹಿಂಡಿದರು. ಕುಕ್ಕರು ಬುಸುಗುಟ್ಟಿ ನೊರೆ ಒಲೆಯ ಮೇಲೆಲ್ಲ ಉಕ್ಕಿತು. "ಹಾವು ಸಾಕೀರೇನ್ರಿ ಇದರಾಗ?" ಎಂದು ಮಾವಶಿ ಹಿಂದೆ ಸರಿದರು. ಇನ್ನೊಂದಿಷ್ಟು ಹಿಂಡಿದರು. ನೋಡನೋಡುತ್ತ ಕೆಂಪು ಹೋಗಿ ಅರಿಷಿಣದ ಬಣ್ಣ ತಿರುಗಿ ಬಂತು. ಅದಕ್ಕೆ ನೀರು, ಬೆಲ್ಲ, ಖಾರ, ಕರಿಬೇವಿನ ಒಗ್ಗರಣೆ ಬಿದ್ದು ಆಮಟಿಯಾಯಿತು, ಅಂದರೆ ಹುಳಿ-ಸಿಹಿ ಬೇಳೆಸಾರು. ಅನ್ನಕ್ಕೆ ಕಲಸಿಕೊಂಡು ಮೂವರೂ ಉಂಡೆವು. ಸೋಡಾದಿಂದ ಉಪ್ಪಿನ ಛಾಯೆ ಸ್ವಲ್ಪ ಜಾಸ್ತಿಯಿತ್ತು. "ಹೋಳಿಗಿ ತಪ್ಪಿತಲ್ರಿ ಮಾವಶಿ" ಎಂದು ಸುನಂದಾ ಅಂದದ್ದಕ್ಕೆ, "ಇರಲಿ ಬಿಡವಾ, ಮತ್ತ ಯಾವಾಗರೆ ತಿಂದೇನು" ಎಂದರು. ಆ 'ಯಾವಾಗರೆ' ಅಂದರೆ ಇನ್ನು ಮೂರು ವರ್ಷವೋ ಏನೋ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗಡಿಯಾರದಲ್ಲಿ ಮೂರೂಕಾಲು.

ಮಾವಶಿ ಗೋಡೆಗೆ ಒರಗಿ, ಕಾಲು ಚಾಚಿ, ಬಾಯಿಗೆ ಅಡಿಕೆ ಹಾಕಿಕೊಂಡರು. ಆಮೇಲೆ ಮೊದಲ ಸಲ ನನ್ನ ಕಡೆ ನೇರ ನೋಡಿದರು.

"ಅಲ್ಲರಿ ಜಾವಯಿಬಾಪು, ಹಳದಿ ಇದ್ದದ್ದು ಕೆಂಪಾತು, ಕೆಂಪಿದ್ದದ್ದು ಮತ್ತ ಹಳದಿ ಆತು. ಹುಣಸಿಹಣ್ಣು ಹಾಕಬೇಕು ಅಂತ ನನಗ ಗೊತ್ತೈತಿ. ಯಾಕ ಅನ್ನೂದು ಗೊತ್ತಿಲ್ಲ. ನೀವು ಮಾಸ್ತರಲಾ, ಹೇಳ್ರಿ."

ಕೇಳಿದವರು ಮಾವಶಿ! ಎದುರಿಗೆ ಕೂತು ಶುರುಮಾಡಿದೆ. ಹುಳಿ ಎಂದರೇನು, ಕ್ಷಾರ ಎಂದರೇನು, ಅರಿಷಿಣದೊಳಗಿನ ಬಣ್ಣದ ಕಣ ಕ್ಷಾರ ಸಿಕ್ಕರೆ ತನ್ನದೊಂದು ಹೈಡ್ರೋಜನ್ನನ್ನು ಹೇಗೆ ಕೊಟ್ಟುಬಿಡುತ್ತದೆ, ಹುಳಿ ಬಂದು ಅದನ್ನು ಹೇಗೆ ವಾಪಸು ಕೊಡುತ್ತದೆ. ಇದನ್ನೆಲ್ಲ ಇಷ್ಟು ವಿವರವಾಗಿ, ಪಾಠದ ಹಾಗೆ, ನಾನು ಕನ್ನಡದಲ್ಲಿ ಎಂದೂ ಹೇಳಿದವನಲ್ಲ. ತಡವರಿಸಿದೆ, ಮರಾಠಿಗೆ ಜಾರಿದೆ, ತಿರುಗಿ ಬಂದೆ. ಮಾವಶಿ "ಹೂಂ" ಎನ್ನುತ್ತಿದ್ದರು. ಹೂಂ ಸಣ್ಣದಾಯಿತು, ಆಮೇಲೆ ನಿಂತಿತು. ನೋಡಿದರೆ ತಲೆ ಒಂದು ಕಡೆ ವಾಲಿ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಾರೆ. ನಾನು ಪೆಚ್ಚಾಗಿ ಮಾತು ನಿಲ್ಲಿಸಿದೆ. ಗೊರಕೆಯೂ ತಟ್ಟನೆ ನಿಂತು, ರೆಪ್ಪೆ ಅಲುಗಿತು.

ಸುನಂದಾ ನನ್ನ ತೊಡೆ ಚಿವುಟಿ ಪಿಸುಗುಟ್ಟಿದಳು: "ನಿಲ್ಲಿಸಬ್ಯಾಡ್ರಿ! ನಿಮ್ಮ ದನಿ ನಿಂತ್ರ ಎಚ್ಚರ ಆಗ್ತಾರ. ಬಸ್ಸು ಹೋಗೂತನಕ ಹೇಳ್ರಿ."

ನಮ್ಮ ಮದುವೆಯಾದಂದಿನಿಂದ ಅವಳು ನನಗೆ ನಿಲ್ಲಿಸಬೇಡಿ ಎಂದದ್ದು ಇದೇ ಮೊದಲು. ನಾನು ಹೈಡ್ರೋಜನ್ನಿನಿಂದ ಮತ್ತೆ ಶುರುಮಾಡಿ, ಒಂದೊಂದೇ ಮೂಲವಸ್ತುವಿನ ಹೆಸರು, ಗುಣ, ಉಪಯೋಗ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುತ್ತ ಹೋದೆ. ಸೋಡಿಯಂ ಬಂತು, ಗಂಧಕ ಬಂತು. ಮಾವಶಿ ಮಗ್ಗಲು ಬದಲಿಸಿ ಪೂರಾ ಚಾಪೆಯ ಮೇಲೆಯೇ ಒರಗಿದರು. ನಾಲ್ಕೂವರೆ ದಾಟಿತು. ಸುನಂದಾ ಮೆಲ್ಲಗೆ ಎದ್ದು ಹೋಗಿ, ಎಡಗೈಯಲ್ಲೇ ಮೂವರಿಗಾಗುವಷ್ಟು ಅಕ್ಕಿ ಅಳೆದು ಮೊರಕ್ಕೆ ಹಾಕಿದಳು. ಹೊತ್ತು ಮುಳುಗುವುದರೊಳಗೆ ಅನ್ನವಾಗಬೇಕಲ್ಲ. ಅವಳ ಮುಖದಲ್ಲಿ ಅಂಥ ಸಂತೋಷ ನಾನು ನೋಡಿ ಎಷ್ಟೋ ದಿನವಾಗಿತ್ತು. ಅಲ್ಲಿಂದಲೇ ನನಗೆ, ಇನ್ನು ಸಾಕು, ನಿಲ್ಲಿಸಿ ಎಂದು ಕೈಸನ್ನೆ ಮಾಡಿದಳು. ಆದರೆ ನಾನು ಪೊಟ್ಯಾಸಿಯಮ್ಮಿನ ನಡುವೆ ಇದ್ದೆ. ಅರ್ಧಕ್ಕೆ ಬಿಡಲು ಮನಸ್ಸಾಗಲಿಲ್ಲ.