ಮೂರನೇ ಖಾನೆಯ ಕುರಿ ತಲೆ

ಎಲ್ಲಾ ಶುರುವಾಗಿದ್ದು ಆಫೀಸಿನ ಜಾಂಡೋಸ್ ಪ್ರೋಗ್ರಾಂನಲ್ಲಿ ಒಂದು ಖಾನೆ ತುರುಕಿದ್ದರಿಂದ. ಪಾರ್ಕಿಂಗ್‌ಗೆ ಅನುಕೂಲವಾಗಲಿ ಅಂತ ಅತಿಥಿಗಳ ಕಾರ್ ನಂಬರಿಗೆ ಒಂದೇ ಒಂದು ಖಾನೆ. ಅದನ್ನು ಕೊನೆಗೆ ಹಾಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಮಹಾಶಯ ಹಾಕಿದ್ದು ನಡುವೆ, ತುಂಬಿದ ಬಸ್ಸಿನ ಸೀಟಿನಲ್ಲಿ "ಸ್ವಲ್ಪ ಸರ್ಕೊಳ್ಳಿ" ಅಂತ ಕೂತುಬಿಡುತ್ತಾರಲ್ಲ, ಹಾಗೆ.

ಶಿಮ್ಕೆಂಟ್ ಪಟ್ಟಣದ ಆ ಪುಟ್ಟ ಆಫೀಸಿನ ಕೆಲಸ ಔತಣದ ಹಾಲ್‌ಗಳಿಗೆ ಪ್ರೋಗ್ರಾಂ ಬರೆಯುವುದು. ಯಾರಿಗೆ ಯಾವ ಮೇಜು, ಯಾವ ಕುರ್ಚಿ, ಯಾರ ಮುಂದೆ ಕುರಿಯ ಯಾವ ಭಾಗ. ತಲೆ ಹಿರಿಯರಿಗೆ, ಎದೆ ಅಳಿಯನಿಗೆ, ಕಿವಿ ಮಕ್ಕಳಿಗೆ. ಒಂದು ಮೂಳೆ ಅತ್ತಿತ್ತ ಆದರೆ ಏಳು ತಲೆಮಾರು ಮಾತು ಬಿಡುವ ಊರು ಅದು. ಅಂಥ ನಾಜೂಕಿನ ವಿಷಯವನ್ನು ಹಳೇ ಕೋಡ್ ಅರೇಯೊಳಗೆ ಅರೇ, ಅದರ ಹೊಟ್ಟೆಯೊಳಗೆ ಇನ್ನೊಂದು ಅರೇ ಇಟ್ಟು ನಡೆಸುತ್ತಿತ್ತು. ಅರೇ ಅಂದರೆ ಖಾನೆಗಳ ಸಾಲು; ಯಾವ ಖಾನೆಗೂ ಹೆಸರಿಲ್ಲ, ಬರೀ ನಂಬರ್. ಮೂರನೇ ಖಾನೆ ಅಂದರೆ ವಯಸ್ಸು ಅಂತ ಎಲ್ಲರೂ ನಂಬಿಕೊಂಡಿದ್ದರು, ಅಷ್ಟೇ.

ನಂಬದವನು ಕೋಡ್ ಬರೆಯುವ ಎರ್ಸಾಯಿನ್ ಒಬ್ಬ. ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ, ಜೀನಿನೊಳಗೆ ಮುಳ್ಳು ಸಿಕ್ಕಿದ ಕುದುರೆಯ ಹಾಗೆ ಆಫೀಸೆಲ್ಲ ಸುತ್ತುತ್ತಾ ತಿಂಗಳುಗಟ್ಟಲೆಯಿಂದ ಒಂದೇ ಡೈಲಾಗ್ ಹೊಡೆಯುತ್ತಿದ್ದ.

"ಬಾಲ್ಕಿಯಾ ಅಕ್ಕಾ, ಈ ಅರೇ ಬಿಸಾಕೋಣ. ವ್ಯಾಲ್ಯೂ ಆಬ್ಜೆಕ್ಟ್ ಮಾಡೋಣ, ಪ್ರತಿ ಖಾನೆಗೂ ಹೆಸರಿರೋ ಪೆಟ್ಟಿಗೆ. ವಯಸ್ಸಿನ ಜಾಗದಲ್ಲಿ ಬೇರೆ ಏನಾದ್ರೂ ಹಾಕಕ್ಕೆ ಹೋಗ್ಲಿ, ಕಪಾಳಕ್ಕೆ ಬಾರಿಸಿ ವಾಪಸ್ ಕಳಿಸುತ್ತೆ. ಒಂದ್ಸಲ ಮಾಡಿದ್ರೆ ಮುಗೀತು, ಯಾರಪ್ಪ ಬಂದ್ರೂ ಬದಲಾಯ್ಸಕ್ಕಾಗಲ್ಲ!"

ಆಫೀಸಿನ ಒಡತಿ ಬಾಲ್ಕಿಯಾ ಅವತ್ತು ಜರತಾರಿ ಬಟ್ಟೆಯಲ್ಲಿ ಮಿಂಚುತ್ತಿದ್ದಳು. ಅವಳ ಮಗನಿಗೆ ಹೆಣ್ಣು ಗೊತ್ತಾಗಿತ್ತು. ಅವತ್ತೇ ಬೀಗರ ಔತಣ.

"ಓಡ್ತಿರೋ ಕುದುರೆಗೆ ಲಾಳ ಬದಲಾಯ್ಸ್ತಾರೇನೋ? ನಡಿ, ಹಾಲ್‌ಗೆ ಹೋಗಿ ನಿಂತ್ಕೊಂಡು ನೋಡ್ಕೋ. ಬೀಗರ ಮುಖ ಒಂಚೂರು ಬಾಡಿದ್ರೂ ನಾಳೆ ನಿನ್ನ ಕುರ್ಚಿ ಖಾಲಿ."

ಎರ್ಸಾಯಿನ್ ಲ್ಯಾಪ್‌ಟಾಪ್ ಅವಚಿಕೊಂಡು ಓಡಿದ.

ಹಾಲ್‌ನಲ್ಲಿ ಎರಡು ತಂತಿಯ ದೊಂಬ್ರಾ ಮೀಟುತ್ತಿದ್ದರು. ಟೀ ಮೇಲೆ ಟೀ ಹರಿಯುತ್ತಿತ್ತು. ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲಿ ಹೆಣ್ಣಿನ ತಾತ ಅಸಾನ್ ಅಜ್ಜ, ಬಿಳಿ ಗಡ್ಡ ನೀವುತ್ತಾ ಬೆಟ್ಟದ ಹಾಗೆ ಕೂತಿದ್ದರು. ಬಾಣಸಿಗರು ಜಾಂಡೋಸ್ ಕೊಟ್ಟ ಪಟ್ಟಿ ನೋಡಿಕೊಂಡು ತಟ್ಟೆಗಳನ್ನು ತಂದರು.

ಮೊದಲ ಕುರಿ ತಲೆ ಸಲೀಸಾಗಿ ಅಸಾನ್ ಅಜ್ಜನನ್ನು ದಾಟಿತು. ಮೀಸೆ ಇನ್ನೂ ಅರ್ಜಿ ಹಾಕುವ ಹಂತದಲ್ಲಿದ್ದ ಸಂಜಾರ್ ಎಂಬ ಹುಡುಗನ ಮುಂದೆ ಬಂದು ಕೂತಿತು. ಸಂಜಾರ್ ಬಾಲ್ಕಿಯಾಳ ಮೈದುನನ ಮಗ. ಅವನಿಗಿದ್ದ ಒಂದೇ ಸಾಧನೆ ಅಂದರೆ ಊರಿಗೇ ದೊಡ್ಡದಾದ ಕಾರ್ ನಂಬರ್.

ಅಪ್ಪ ಬದುಕಿರುವವನು ಕುರಿ ತಲೆ ಕುಯ್ಯಬಾರದು ಅನ್ನುವುದು ಅಲ್ಲಿನ ಕಟ್ಟಳೆ. ಅವನ ಅಪ್ಪ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದ. ಟೀ ಮೂಗಿಗೆ ಹತ್ತಿತು.

"ಯಾವೋನೋ ಅವನು ನನ್ನನ್ನ ಗುಂಡಿಗಿಳಿಸ್ತಿರೋನು? ನಾನಿನ್ನೂ ಉಸಿರಾಡ್ತಾ ಇದೀನಿ ಕಣ್ರೋ!"

ಅತ್ತ ಅಸಾನ್ ಅಜ್ಜನ ಮುಂದೆ ಅಗಲವಾದ ತಟ್ಟೆ ಬಂತು. ತಟ್ಟೆಯ ನಡುವೆ ಒಂದು ಕಿವಿ. ಅಜ್ಜ ಬಂದದ್ದು ಬಸ್ಸಿನಲ್ಲಿ, ಕಾರ್ ನಂಬರ್ ಸೊನ್ನೆ. ಅವರು ಕಿವಿಯನ್ನು ಎತ್ತಿ ದೀಪಕ್ಕೆ ಹಿಡಿದು ನೋಡಿದರು.

"ಮಗಾ," ಅಂದರು ಬಾಣಸಿಗನಿಗೆ, ತಣ್ಣಗೆ. "ನನಗೆ ಹಲ್ಲು ಈಗ ಹುಟ್ತಾ ಇದೆ ಅಂದ್ಕೊಂಡ್ಯಾ?"

ದೊಂಬ್ರಾ ನಿಂತಿತು. ಬಾಲ್ಕಿಯಾ ಬೀಗರ ಕಡೆ ಹಲ್ಲು ಬಿಡುತ್ತಲೇ ಎರ್ಸಾಯಿನ್ ತೋಳು ಹಿಡಿದು ಅಡುಗೆಮನೆಗೆ ಎಳೆದಳು.

"ನಗ್ತಾ ಇದೀನಿ ಅಂತ ಅಂದ್ಕೋಬೇಡ. ಏನಿದು?"

"ನಾನಲ್ಲಕ್ಕಾ, ಮೂರನೇ ಖಾನೆ! ಅಲ್ಲಿ ಕಾರ್ ನಂಬರ್ ಬಂದು ಕೂತಿದೆ. ವಯಸ್ಸು ನಾಲ್ಕಕ್ಕೆ ಹೋಗಿದೆ. ಪ್ರೋಗ್ರಾಂ ಕಾರ್ ನೋಡ್ಕೊಂಡು ಕುರಿ ಹಂಚ್ತಾ ಇದೆ!"

ಜಾಂಡೋಸ್ ಮೆಲ್ಲಗೆ ಒಂದು ಪಾತ್ರೆಯ ಹಿಂದೆ ಸರಿದ.

"ಅಕ್ಕಾ, ಹೊಸದು ರೆಡಿ ಇದೆ," ಅಂದ ಎರ್ಸಾಯಿನ್. "ಕದ್ದು ಬರೆದಿದೀನಿ. ಒಂದೇ ಒಂದು ಚಾನ್ಸ್ ಕೊಡಿ. ಸೋತ್ರೆ ಇದೇ ಹಂಡೇಲಿ ನನ್ನ ತಲೆ ಬೇಯ್ಸಿ."

"ನಿನ್ನ ತಲೆ ಯಾರು ತಿಂತಾರೆ?" ಅಂದಳು ಬಾಲ್ಕಿಯಾ. "ಸರಿ, ಮಾಡು. ಎರಡನೇ ಕುರಿ ಇಳಿಯೋವರೆಗೂ ನಾನು ಹಾಡು ಹೇಳಿಸ್ತೀನಿ. ಬೇಕಾದ್ರೆ ನಾನೇ ಹಾಡ್ತೀನಿ."

ಅವಳು ಹಾಡಿದರೆ ಬೀಗರು ಎದ್ದೇ ಹೋಗುವುದು ಖಂಡಿತ. ಎರ್ಸಾಯಿನ್ ಈರುಳ್ಳಿ ಮೂಟೆಯ ಮೇಲೆ ಕೂತು ಕೀ ಕುಟ್ಟತೊಡಗಿದ. ಹೊಸ ಕೋಡ್‌ನಲ್ಲಿ 'ಮರ್ಯಾದೆ' ಅನ್ನುವ ವ್ಯಾಲ್ಯೂ ಆಬ್ಜೆಕ್ಟ್ ಇತ್ತು. ಹುಟ್ಟಿದ ದಿನ, ಕುಲ, ಸಂಬಂಧ, ಅಪ್ಪ ಇದ್ದಾನೋ ಇಲ್ಲವೋ. ಎಲ್ಲಕ್ಕೂ ಹೆಸರು, ಎಲ್ಲಕ್ಕೂ ಕಾವಲು. ಅದರ ಬೆಲೆ ನೋಡಿಯೇ ಕುರ್ಚಿ, ಅದರ ಬೆಲೆ ನೋಡಿಯೇ ಮೂಳೆ.

ಜಾಂಡೋಸ್ ಹೆಗಲ ಮೇಲಿಂದ ಬಗ್ಗಿದ. "ಲೇ, ಜನರ ಹೆಸರೇ ಇಲ್ವಲ್ಲೋ ಇದರಲ್ಲಿ?"

"ಹೆಸರು ನೋಡಿ ಯಾರಿಗೋ ಮೂಳೆ ಕೊಡ್ತಾರೆ? ಬೆಲೆ ಒಂದೇ ಆದ್ರೆ ವಸ್ತು ಒಂದೇ. ಅದೇ ಇದರ ಗತ್ತು. ನಿನ್ನ ಖಾನೆ ಬುದ್ಧಿಗೆ ಹತ್ತಲ್ಲ, ಸರಿ ಆಕಡೆ."

"ಆಯ್ತಪ್ಪ ಮಹಾರಾಜ. ಇನ್ನೊಬ್ರು ಬೀಗರು ಈಗ ಬಂದ್ರು, ಬಸ್ ತಪ್ಪಿತ್ತಂತೆ. ಸೇರಿಸು." ಫೋನ್ ಮುಂದೆ ಹಿಡಿದ.

ಎರ್ಸಾಯಿನ್ ಕೋಳಿ ಕಾಳು ಹೆಕ್ಕಿದ ಹಾಗೆ ಅದರಲ್ಲಿದ್ದುದನ್ನು ಟಪಟಪ ಹೊಡೆದ. ಪ್ರೋಗ್ರಾಂ ಗೊಣಗಲಿಲ್ಲ, ತಡೆಯಲಿಲ್ಲ, ಗುಳುಂ ಅಂತ ತೆಗೆದುಕೊಂಡಿತು. ಹೊಸ ಪಟ್ಟಿ ಬಂತು. ಕಣ್ಣಲ್ಲಿ ನೀರು ಬಂತು, ಅರ್ಧ ಸಂತೋಷಕ್ಕೆ, ಅರ್ಧ ಈರುಳ್ಳಿಗೆ.

ಈ ಸಲ ತಟ್ಟೆಗಳು ಮದುವೆ ದಿಬ್ಬಣದ ಹಾಗೆ ಹೊರಟವು. ಎದೆ ಅಳಿಯನಿಗೆ ಹೋಯಿತು. ಕಿವಿ ಮಕ್ಕಳಿಗೆ ಹೋಯಿತು. ತಲೆ ಅಸಾನ್ ಅಜ್ಜನ ಮುಂದೆ ಇಳಿಯಿತು. ಅಜ್ಜ ಗಡ್ಡ ನೀವಿಕೊಂಡು ಚಾಕು ಎತ್ತಿಕೊಂಡರು. ಬಾಲ್ಕಿಯಾ ನಿಜವಾಗಿಯೂ ನಕ್ಕಳು. ಎರ್ಸಾಯಿನ್ ಅಂಗಿಯ ಕಾಲರ್ ಎತ್ತಿ ನಿಲ್ಲಿಸಿದ.

"ನನ್ನದೆಲ್ಲಿ?"

ಅಸಾನ್ ಅಜ್ಜನ ದನಿಯೇ. ಆದರೆ ಬಂದದ್ದು ಬಾಗಿಲ ಕಡೆಯಿಂದ. ಅಲ್ಲಿ ಇನ್ನೊಬ್ಬ ಅಸಾನ್ ಅಜ್ಜ ನಿಂತಿದ್ದರು! ಅದೇ ಗಡ್ಡ, ಅದೇ ಮೂಗು, ಅದೇ ಹುಬ್ಬಿನ ಗಂಟು. ಅವರಿಗೆ ಕುರ್ಚಿ ಇಲ್ಲ, ತಟ್ಟೆ ಇಲ್ಲ, ಒಂದು ಲೋಟ ಟೀ ಕೂಡ ಇಲ್ಲ.

"ಉಸೇನ್ ಅಜ್ಜ," ಅಂತ ಜಾಂಡೋಸ್ ಎರ್ಸಾಯಿನ್ ಕಿವಿಯಲ್ಲಿ ಉಸುರಿದ. "ಅವಳಿ. ಅವರದ್ದೇ ನೀನು ಈಗ ಸೇರಿಸಿದ್ದು."

ಎರ್ಸಾಯಿನ್ ಕಾಲರ್ ತಾನಾಗಿಯೇ ಮಡಚಿಕೊಂಡಿತು. ಕೈ ಮುಗಿಯುತ್ತಾ ಮುಂದೆ ಹೋದ.

"ತಪ್ಪಾಯ್ತಜ್ಜಾ. ಹುಟ್ಟಿದ ದಿನ ಒಂದೇ, ಕುಲ ಒಂದೇ, ಇಬ್ರೂ ಹೆಣ್ಣಿಗೆ ತಾತಂದಿರೇ, ಇಬ್ರಿಗೂ ಅಪ್ಪ ಇಲ್ಲ. ನಿಮ್ಮಿಬ್ಬರ ಮರ್ಯಾದೆ ಸರಿಸಮ. ಹಂಗಾಗಿ ಪ್ರೋಗ್ರಾಂ ನಿಮ್ಮಿಬ್ಬರನ್ನೂ ಒಬ್ರೇ ಅಂದ್ಕೊಂಡಿದೆ."

"ಸರಿಸಮಾನಾ?" ಉಸೇನ್ ಅಜ್ಜನ ಊರುಗೋಲು ನೆಲಕ್ಕೆ ಬಡಿಯಿತು. "ಇವನಿಗೂ ನನಗೂ? ಮೊದ್ಲು ಹುಟ್ಟಿದ್ದು ನಾನು!"

ಅಸಾನ್ ಅಜ್ಜ ಚಾಕು ಹಿಡಿದೇ ಎದ್ದರು. "ನೀನಾ? ನಾನು ಹುಟ್ಟಿ, ಅತ್ತು, ಸುಮ್ಮನಾದ ಮೇಲೆ ನೀನು ಬಂದೆ!"

ಅವರ ಮಕ್ಕಳು ಮೊಮ್ಮಕ್ಕಳು ಆ ಜಗಳವನ್ನು ಹಾಡಿ ಪಾಡಿ ಮಲಗಿಸಿಟ್ಟಿದ್ದರಂತೆ. ಈಗ ಅದು ಆಕಳಿಸಿ ಎದ್ದು ಕೂತಿತು. ಹೆಣ್ಣಿನ ಕಡೆಯವರು ಒಬ್ಬೊಬ್ಬರಾಗಿ ಟೋಪಿ ಹಾಕಿಕೊಳ್ಳತೊಡಗಿದರು. ಬಾಲ್ಕಿಯಾ ಮುಖ ಹಿಟ್ಟಿನ ಹಾಗೆ ಬೆಳ್ಳಗಾಯಿತು.

"ಅಕ್ಸಕಲ್‌ಗಳೇ, ಹಿರಿಯರೇ, ಹೋಗ್ಬೇಡಿ!" ಅಂತ ಅವಳು ಬಾಗಿಲಿಗೆ ಅಡ್ಡ ನಿಂತಳು. "ತಪ್ಪು ಮಾಡಿದೋನು ಇಲ್ಲೇ ಇದಾನೆ. ಏನು ದಂಡ ಹಾಕ್ತೀರೋ ಹಾಕಿ!"

ಅಜ್ಜಂದಿರು ಗಕ್ಕನೆ ನಿಂತರು. ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಎರ್ಸಾಯಿನ್ ಕಡೆ ತಿರುಗಿ, ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ತೀರ್ಪು ಕೊಟ್ಟರು.

"ಕುದುರೆ! ಮೇಲೊಂದು ಜರಿ ನಿಲುವಂಗಿ!"

ಹಾಲ್ ಚಪ್ಪಾಳೆಯಿಂದ ಅದುರಿತು. ಬುದ್ಧಿ ಬಂದಾಗಿನಿಂದ ಅಣ್ಣತಮ್ಮ ಒಂದೇ ಮಾತಿಗೆ ಒಪ್ಪಿದ್ದು ಇದೇ ಮೊದಲಂತೆ. ಬೀಗರ ಕಡೆಯವರು ಟೋಪಿ ತೆಗೆದರು. ಇಬ್ಬರು ಅಜ್ಜಂದಿರೂ ಅಕ್ಕಪಕ್ಕ ಕೂತು ಒಂದೇ ತಲೆಯನ್ನು ಹಂಚಿಕೊಂಡು ತಿನ್ನತೊಡಗಿದರು.

"ಬದುಕಿಕೊಂಡೆ," ಅಂದಳು ಬಾಲ್ಕಿಯಾ. "ನಿನ್ನ ಕುರ್ಚಿ ನಿನಗೇ. ಕುದುರೆ ನಾನು ಕೊಡಿಸ್ತೀನಿ. ಅದರ ಋಣ ತೀರೋವರೆಗೂ ನೀನು ಕೆಲಸ ಬಿಡೋ ಹಾಗಿಲ್ಲ, ಹಳೇ ಅರೇ ಬಿಸಾಕೋ ಹಾಗಿಲ್ಲ, ಜಾಂಡೋಸ್ ಹೇಳಿದ ಖಾನೆ ಹಾಕ್ಕೊಂಡು ಬಿದ್ದಿರಬೇಕು. ಅವನದ್ರಲ್ಲಿ ಮೂಳೆಯಷ್ಟೇ ತಪ್ತಿತ್ತು ಕಣೋ. ನಿನ್ನದ್ರಲ್ಲಿ ಮನುಷ್ಯನೇ ಮಾಯ!"

ಎರ್ಸಾಯಿನ್ ಲ್ಯಾಪ್‌ಟಾಪ್ ಮುಚ್ಚಿದ.

"ಒಂದೇ ಕುದುರೆ ತಾನೇ ಅಕ್ಕಾ?"

ಬಾಲ್ಕಿಯಾ ಅವನ ಗದ್ದ ಹಿಡಿದು ಅಜ್ಜಂದಿರ ಕಡೆ ತಿರುಗಿಸಿದಳು.

"ಎಣಿಸು."