ಅತ್ತೆ ಕಂಡ ತಿಮಿಂಗಲದ ಮೊಟ್ಟೆ

ಜ್ಞಾನವನ್ನು ಇಷ್ಟು ಶ್ರದ್ಧೆಯಿಂದ ನೋಡಿ ಇಷ್ಟು ಅಚ್ಚುಕಟ್ಟಾಗಿ ತಪ್ಪು ತಿಳಿದುಕೊಳ್ಳುವವರು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರತ್ತೆ. ಮಿಕ್ಕವರೂ ತಪ್ಪು ತಿಳಿದುಕೊಳ್ಳುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಅವರು ಅದಕ್ಕೆ ವಾಟ್ಸಾಪನ್ನು ನಂಬಿಕೊಂಡಿದ್ದಾರೆ. ಅತ್ತೆ ಹಾಗಲ್ಲ! ಸರ್ಕಾರಿ ಚಾನೆಲ್ಲಿನ ಸಾಕ್ಷ್ಯಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ, ನಡುವೆ ಬರುವ ಲಸಿಕೆಯ ಪ್ರಕಟಣೆಯನ್ನೂ ಬಿಡದೆ ನೋಡಿ, ಅದು ಹೇಳಿದ್ದಕ್ಕೆ ಸರಿಯಾಗಿ ತಿರುಗಾಮುರುಗಾ ತೀರ್ಮಾನಕ್ಕೆ ಬರುತ್ತಾರೆ. ಅವರ ಪ್ರಕಾರ ತಿಮಿಂಗಲ ಮೊಟ್ಟೆ ಇಡುತ್ತದೆ. ಬಾವಲಿ ಒಂದು ಹಕ್ಕಿ. ಚಂದ್ರನಿಗೆ ಸ್ವಂತ ಬೆಳಕಿದೆ, ಸೂರ್ಯನದು ಅವನಿಗೇನೂ ಬೇಕಾಗಿಲ್ಲ.

ಇದು ಯಾವುದೋ ಸಾಮಾನ್ಯ ಮನೆಯಲ್ಲಿ ನಡೆದಿದ್ದರೆ ನಕ್ಕು ಬಿಡಬಹುದಿತ್ತು. ನಡೆಯುತ್ತಿರುವುದು ಒಬ್ಬ ವಿಜ್ಞಾನದ ಮೇಷ್ಟ್ರ ಮನೆಯಲ್ಲಿ! ಅತ್ತೆಯ ಗಂಡ, ಅಂದರೆ ನಮ್ಮ ಮಾವ, ಕುರುಗೋಡಿನ ಹೈಸ್ಕೂಲಿನಲ್ಲಿ ಜೀವಮಾನವಿಡೀ ವಿಜ್ಞಾನ ಕಲಿಸಿ, ನಿವೃತ್ತರಾಗಿ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಗಳ ಹಿಂದಿನ ಓಣಿಯಲ್ಲಿ ಮನೆ ಕಟ್ಟಿಕೊಂಡವರು. ತಪ್ಪು ಎಂಬುದು ಕಿವಿಗೆ ಬಿದ್ದರೆ ಅವರಿಗೆ ಉಣ್ಣುವ ಅನ್ನ ಗಂಟಲಲ್ಲಿ ನಿಲ್ಲುತ್ತಿತ್ತು. ಪ್ರವಚನಕ್ಕೆ ಬಂದ ಆಚಾರ್ಯರನ್ನು ನಡುವೆ ನಿಲ್ಲಿಸಿ, "ಗ್ರಹಣ ಆಗೋದು ಹಾಂಗಲ್ರಿ ಆಚಾರ್ಯರ" ಎಂದು ಎದ್ದು ನಿಂತವರು. ಒಮ್ಮೆ ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರೊಬ್ಬ, "ಮೊದಲ ಬಸ್ಸು ಸೂರ್ಯ ಹುಟ್ಟೂದಕ್ಕ ಐತ್ರಿ" ಅಂದದ್ದೇ ತಪ್ಪಾಯಿತು. ಸೂರ್ಯ ಹುಟ್ಟುವುದೂ ಇಲ್ಲ ಮುಳುಗುವುದೂ ಇಲ್ಲ, ತಿರುಗುತ್ತಿರುವುದು ಭೂಮಿ ಎಂದು ಮಾವ ಅವನಿಗೆ ಕೈಚೀಲ ತಿರುಗಿಸಿ ತೋರಿಸುತ್ತಿರುವಾಗಲೇ ಸಿರುಗುಪ್ಪದ ಬಸ್ಸು ಹೊರಟುಹೋಯಿತು. ಅತ್ತೆ ಆ ಬಸ್ಸಿನೊಳಗಿದ್ದರು!

ಅಂಥ ಮಾವನಿಗೆ ಹೋದ ವರ್ಷ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೇ ಹೋದವು. ಕಾಲು ಮೆಲ್ಲಗೆ ಸುಧಾರಿಸಿತು. ಮಾತು ಮಾತ್ರ ಬರಲಿಲ್ಲ. ಬಳ್ಳಾರಿಯ ಡಾಕ್ಟರು, "ಅವರಿಗೆ ಎಲ್ಲಾ ತಿಳೀತದ ತಾಯಿ, ಮಾತಷ್ಟೇ ಸಿಗವಲ್ಲದು. ನೀವು ಮಾತಾಡಿಸೋದು ಬಿಡಬ್ಯಾಡ್ರಿ" ಎಂದು ಕಳಿಸಿಕೊಟ್ಟರು. ಮಾವನ ಬಾಯಿಂದ ಒಂದು ಮಾತು, ಒಂದೇ ಒಂದು ಮಾತು ಕೇಳಬೇಕು ಎಂಬುದು ಅಂದಿನಿಂದ ಅತ್ತೆಯ ವ್ರತವಾಯಿತು.

ಮಾತಾಡಿಸುವುದೇನು ಸಾಮಾನ್ಯವೇ? ನೋಡಲು ಬಂದ ನೆಂಟರೆಲ್ಲ ಮಾವನಿಗೆ ಕಿವಿಯೇ ಹೋಗಿದೆ ಎಂಬಂತೆ ಕೂಗಿ ಮಾತಾಡಿಸಿದರು. ಒಬ್ಬರು ನಾಲಿಗೆಗೆ ಬಜೆ ತೇಯ್ದು ಹಚ್ಚಲು ಹೇಳಿದರು, ಇನ್ನೊಬ್ಬರು ಮೊಬೈಲಿನಲ್ಲಿ ಬಂದದ್ದು ಎಂದು ಬೆಳ್ಳುಳ್ಳಿಯ ಔಷಧ ಹೇಳಿದರು, ಮಡಿ ಮನೆಯಲ್ಲಿ ನಿಂತು! ಮಾವ ಗೋಡೆ ನೋಡುತ್ತ ಮಲಗಿದರು.

ಕೊನೆಗೆ ಅತ್ತೆ ಟಿವಿಯ ಮೊರೆ ಹೋದರು. ಮೊದಲು ಖಾಸಗಿ ಸುದ್ದಿ ಚಾನೆಲ್ ಹಾಕಿದರು. ಅದರಲ್ಲಿ ಎಂಟು ಜನ ಏಕಕಾಲಕ್ಕೆ ಚೀರಿದ್ದು ಕೇಳಿ ಮಾವನ ಬಿಪಿ ಏರಿತು. ಧಾರಾವಾಹಿ ಹಾಕಿದರು. ಅದರಲ್ಲಿ ಅತ್ತೆಯೊಬ್ಬಳು ಸೊಸೆಯ ಹಾಲಿಗೆ ಏನೋ ಬೆರೆಸುತ್ತಿದ್ದಳು. "ಇಷ್ಟು ತಡಾ ಮಾಡ್ತಾರೇನು? ನಮ್ಮತ್ತಿ ಇದಕ್ಕಿಂತ ಚುರುಕಿದ್ರು" ಎಂದು ನಮ್ಮ ಅತ್ತೆ ಅದನ್ನೂ ಆರಿಸಿದರು. ಹೀಗೆ ಉಳಿದದ್ದು ಸರ್ಕಾರಿ ಚಾನೆಲ್.

ಆಹಾ, ಆ ಚಾನೆಲ್! ಅದರಲ್ಲಿ ಯಾರೂ ಚೀರುವುದಿಲ್ಲ. ಚಿರತೆ ಜಿಂಕೆಯ ಕುತ್ತಿಗೆಗೆ ಬಾಯಿ ಹಾಕುವಾಗಲೂ ಹಿನ್ನೆಲೆಯಲ್ಲಿ ಕೊಳಲು ನುಡಿಯುತ್ತಿರುತ್ತದೆ. "ಈ ಪ್ರಾಣಿಯು ತನ್ನ ಕಾಲುಗಳ ಸಹಾಯದಿಂದ ಓಡುತ್ತದೆ" ಎಂದು ಒಬ್ಬರು ಶ್ರದ್ಧಾಂಜಲಿ ಸಭೆಯ ಧ್ವನಿಯಲ್ಲಿ ತಿಳಿಸುತ್ತಾರೆ. ಕೃಷಿಯ ಕಾರ್ಯಕ್ರಮದಲ್ಲಿ ತಜ್ಞರು ಕ್ಯಾಮೆರಾ ಇಲ್ಲದ ಕಡೆ ನೋಡಿಕೊಂಡು ಭತ್ತದ ರೋಗವನ್ನೆಲ್ಲ ವಿವರಿಸಿ, ಮದ್ದು ಹೇಳುವ ಹೊತ್ತಿಗೆ ಸರಿಯಾಗಿ ಹತ್ತಿರದ ಕಚೇರಿಯನ್ನು ಸಂಪರ್ಕಿಸಲು ಹೇಳುತ್ತಾರೆ. ತೋರಿಸಿದ್ದನ್ನೇ ಎಷ್ಟು ಸಲ ತೋರಿಸುತ್ತಾರೆಂದರೆ, ಆ ಜಿಂಕೆಗೂ ತಾನು ಎಲ್ಲಿ ಎಡವಬೇಕೆಂದು ಗೊತ್ತಾಗಿಬಿಟ್ಟಿದೆ.

ಅತ್ತೆ ಇದನ್ನು ಪುರಾಣ ಕೇಳುವ ಕ್ರಮದಲ್ಲೇ ನೋಡತೊಡಗಿದರು. ಕಾಲು ತೊಳೆದು, ಮಾವನ ಮಂಚದ ಪಕ್ಕದಲ್ಲಿ ಮಣೆ ಹಾಕಿ ಕೂರುವುದು. ಮುಗಿದ ಮೇಲೆ ಕೈ ಮುಗಿಯುವುದು. ಏಕಾದಶಿಯ ದಿನ ಆನೆ, ಜಿರಾಫೆ, ಮೊಲ ನಡೆಯುತ್ತವೆ. ಸಿಂಹ ಬಂದರೆ ಟಿವಿ ಬಂದ್!

"ಅತ್ತಿ, ಸಿಂಹಕ್ಕೇನು ಗೊತ್ತು ಏಕಾದಶಿ?" ಎಂದೆ.

"ಅದಕ್ಕ ಗೊತ್ತಿಲ್ಲದಿದ್ರ ನಮಗ ಗೊತ್ತದಲ್ಲ! ನಾಳಿ ದ್ವಾದಶಿ ಪಾರಣಿ ಆದಮ್ಯಾಲೆ ಎಷ್ಟರೆ ತಿನ್ನಲಿ."

ಮೇ ತಿಂಗಳ ಮಟಮಟ ಮಧ್ಯಾಹ್ನ ನಾನು ಬಳ್ಳಾರಿಯಿಂದ ಬೆವರು ಸುರಿಸುತ್ತ ಹೋದರೆ ಮನೆಯೊಳಗೆ ಫ್ಯಾನು ನಿಂತಿತ್ತು. ಕರೆಂಟು ಇತ್ತು. ಟಿವಿಯಲ್ಲಿ ಪೆಂಗ್ವಿನ್‌ಗಳು ಹಿಮದಲ್ಲಿ ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. "ಅಲ್ಲಿ ಪಾಪ ಅಷ್ಟು ಛಳಿ ಅದ, ಇಲ್ಲಿ ಫ್ಯಾನ್ ಯಾಕ" ಎಂದು ಅತ್ತೆ ಸೆರಗು ಹೊದ್ದು ಕೂತಿದ್ದರು. ಮಾವನ ಮೇಲೆ ಕಂಬಳಿ! ಆ ಕಂಬಳಿಯೊಳಗಿಂದ ಮಾವ ನನ್ನನ್ನು ನೋಡಿದ ನೋಟವನ್ನು ವರ್ಣಿಸಲು ಭಾಷೆ ಸಾಲದು.

ಪೆಂಗ್ವಿನ್‌ಗಳು ಹೋಗಿ ಪರದೆಯ ಮೇಲೆ ತಿಮಿಂಗಲ ಬಂತು. ಅದರ ಮೊಟ್ಟೆ ಬಂದದ್ದು ಆಗಲೇ. "ನೋಡ್ರಿ, ಇದರ ಮೊಟ್ಟಿ ಎಷ್ಟು ದೊಡ್ಡದಿರಬೇಕು! ನಮ್ಮ ಹಂಡೆದಷ್ಟು ಇರ್ತದೇನೋ" ಎಂದು ಅತ್ತೆ ಮಾವನತ್ತ ತಿರುಗಿ ಗಟ್ಟಿಯಾಗಿ ಹೇಳಿದರು. ಹಪ್ಪಳ ಕೊಡಲು ಬಂದಿದ್ದ ಪಕ್ಕದ ಮನೆಯಾಕೆ, ಗಿರಣಿಯಲ್ಲಿ ಅಕ್ಕಿ ಹಸನು ಮಾಡುವವಳು, ತಡೆಯಲಾರದೆ, "ಅಯ್ಯ, ಅದು ಮರಿ ಹಾಕತೈತ್ರಿ ಅಮ್ಮಾರ! ಈಗರ ಟೀವ್ಯಾಗ ಹೇಳಿದ್ನಲ್ರಿ" ಎಂದಳು. ನಾನೂ ಸುಮ್ಮನಿರಲಾರದೆ ಸಸ್ತನಿಗಳ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ನಮ್ಮ ಜನಕ್ಕೆ ಒಂದು ಲೋಟ ನೀರು ಕೇಳಿದರೆ ಕೊಡಲು ಹೊತ್ತಾಗುತ್ತದೆ, ತಿದ್ದುವುದಕ್ಕೆ ಮಾತ್ರ ಕರೆಯಬೇಕಾಗಿಯೇ ಇಲ್ಲ!

ಅತ್ತೆ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದರು.

"ಲೇ, ನಿನಗ ಯಾರು ಕೇಳಿದ್ರು?"

"ಅಲ್ಲ ಅತ್ತಿ, ತಿಮಿಂಗಲ ಮೊಟ್ಟೆ..."

"ಇಡೋದಿಲ್ಲ. ಗೊತ್ತದ ನನಗ! ಬಾವಲಿ ಹಕ್ಕಿ ಅಲ್ಲ ಅಂತಾನೂ ಗೊತ್ತದ. ನನ್ನ ಬಾಣಂತಿ ಕೋಣಿಗೆ ಬಂದು, ಕೂಸು ಹ್ಯಾಂಗದ ಅಂತ ಕೇಳೋದು ಬಿಟ್ಟು, ಬಾವಲಿನೂ ಹಿಂಗ ಹಾಲು ಕುಡಿಸ್ತದ ಅಂತ ಹೇಳಿ ಹೋದ ಮನಷ್ಯಾ ಅವರು. ಅಂಥಾವರ ಜೊತಿ ಸಂಸಾರ ಮಾಡೀನಿ, ನನಗ ನೀ ಕಲಸ್ತೀಯೇನು?"

"ಮತ್ಯಾಕ ತಪ್ಪು ಹೇಳ್ತೀರಿ?"

ಅತ್ತೆ ಒಲೆಯ ಕಡೆ ತಿರುಗಿ ಸಾರಿನ ಪಾತ್ರೆಯ ಮುಚ್ಚಳ ಸುಮ್ಮನೆ ತೆಗೆದು ಹಾಕಿದರು. "ಔಷಧಕ್ಕ ಬಾಯಿ ತೆಗೀಲಿಲ್ಲ, ದೇವರ ಹೆಸರಿಗೂ ತೆಗೀಲಿಲ್ಲ. ತಪ್ಪು ಕೇಳಿ ಸುಮ್ಮನಿದ್ದ ಮನಷ್ಯಾ ಅಲ್ಲ ಅವರು. ಎಂದಾದ್ರೂ ಒಂದು ದಿನ ತಡಕೊಳ್ಳಿಕ್ಕಾಗದ ಬೈದಾರು ಅಂತ ಕಾಯ್ಲಿಕ್ಕತ್ತೀನಿ. ನೀವು ಎಲ್ಲಾರೂ ಮೊದಲೇ ತಿದ್ದಿಬಿಟ್ರ ಅವರ್ಯಾಕ ಬಾಯಿ ತೆಗೀತಾರ?"

ಅಂದಿನಿಂದ ಆ ಮನೆಯಲ್ಲಿ ಸರಿಯಾದದ್ದನ್ನು ಹೇಳುವುದು ನಿಷಿದ್ಧವಾಯಿತು. ನಾನೂ ಪಕ್ಕದ ಮನೆಯಾಕೆಯೂ ಅತ್ತೆಯ ಪಕ್ಷ ಸೇರಿದೆವು. ನಾನು ಹೋದ ಸಂಜೆಯೆಲ್ಲ ಮೂವರೂ ಕೂತು ವಿಜ್ಞಾನದ ಮಾನ ಕಳೆಯುವುದೇ ಕೆಲಸ! ಕಬ್ಬಿಣಕ್ಕಿಂತ ಹತ್ತಿ ಭಾರ ಎಂದೆ ನಾನು. "ಜೇಡಕ್ಕ ಒಂದು ನೂರು ಕಾಲು ಅದಾವ್ರಿ, ನಾ ಎಣಿಸೇನಿ" ಎಂದಳು ಆಕೆ. ಆಮೇಲೆ ಹೊಸಿಲ ಬಳಿ ನನ್ನನ್ನು ನಿಲ್ಲಿಸಿ, "ಖರೇನ ಎಷ್ಟು ಅದಾವ್ರಿ?" ಎಂದು ಪಿಸುಗುಟ್ಟಿದಳು. ನಮ್ಮ ಅಜ್ಞಾನ ಎಷ್ಟು ಸಹಜವಾಗಿತ್ತೆಂದರೆ, ಯಾವುದಾದರೂ ಚರ್ಚಾ ಕಾರ್ಯಕ್ರಮಕ್ಕೆ ತಜ್ಞರೆಂದು ಕರೆದಿದ್ದರೂ ಆಶ್ಚರ್ಯವಿರಲಿಲ್ಲ. ಮಾವ ಮಾತ್ರ ಕಣ್ಣು ಮುಚ್ಚಿಕೊಂಡು ಕೇಳಿದರು, ಅಷ್ಟೇ.

ಆಗ ಅತ್ತೆ ಬ್ರಹ್ಮಾಸ್ತ್ರ ತೆಗೆದರು. ಯಾವುದೋ ದೂರದೇಶದ ಸೂರ್ಯಗ್ರಹಣವನ್ನು ಚಾನೆಲ್ಲಿನವರು ತೋರಿಸಿದರು. ನಮ್ಮಲ್ಲಿ ಅದು ಕಾಣುವಂತಿರಲಿಲ್ಲ. ಗ್ರಹಣ ಎಂದರೆ ಗಂಡ ಹೆಂಡತಿಗೆ ಹಳೆಯ ಯುದ್ಧ. ಅತ್ತೆ ನೀರಿನ ಕೊಡಕ್ಕೆ ದರ್ಭೆ ಹಾಕಿ ಜಪಕ್ಕೆ ಕೂತರೆ, ಮಾವ ಶಾಲೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಉಪ್ಪಿಟ್ಟು ತಿನ್ನುತ್ತಿದ್ದರು. ಈಗ ಅತ್ತೆ ಟಿವಿಯಲ್ಲಿ ಗ್ರಹಣ ಬಿಟ್ಟ ಕೂಡಲೇ ತಲೆಗೆ ಸ್ನಾನ ಮಾಡಿ ಬಂದರು. ಮಾವನ ತಲೆಗೂ ಒಂದು ಉದ್ಧರಣೆ ನೀರು ಚಿಮುಕಿಸಿದರು. ಸಂಜೆಯ ವಾರ್ತೆಯಲ್ಲಿ ಅದೇ ಗ್ರಹಣ ಮತ್ತೆ ಬಂತು. ಮತ್ತೆ ಸ್ನಾನ! ಭಾನುವಾರ ಮರುಪ್ರಸಾರ. ಮರುಸ್ನಾನ!

"ಅತ್ತಿ, ಇದು ಹಳೇ ಗ್ರಹಣ" ಎಂದೆ, ಪಕ್ಷದ ಶಿಸ್ತು ಮರೆತು.

"ಗ್ರಹಣಕ್ಕ ಹಳೇದು ಹೊಸದು ಅಂತ ಇರ್ತದೇನು? ಮೈಲಿಗಿ ಮೈಲಿಗಿನ!" ಎನ್ನುತ್ತ ಅತ್ತೆ ಓರೆಗಣ್ಣಿನಿಂದ ಮಂಚದ ಕಡೆ ನೋಡಿದರು. ಮಾವನ ಹುಬ್ಬು ಕುಣಿಯಿತು, ತುಟಿ ಅದುರಿದಂತಾಯಿತು. ನಾವು ಉಸಿರು ಹಿಡಿದೆವು. ಅವರು ಗೋಡೆಯ ಕಡೆ ಹೊರಳಿಕೊಂಡರು. ಅತ್ತೆಗೆ ಬಂದದ್ದು ನೆಗಡಿ ಮಾತ್ರ.

ಅದಾದ ಮೇಲೆ ಅತ್ತೆ ಸೋತರು. ನನಗೆ ಅದನ್ನು ಹೇಳಲು ಸಂಕಟವಾಗುತ್ತದೆ. ಟಿವಿ ಹಚ್ಚುತ್ತಿದ್ದರು, ಮಣೆಯ ಮೇಲೆ ಕೂರುತ್ತಿದ್ದರು, ಆದರೆ ಮಾವನತ್ತ ತಿರುಗಿ ಗಟ್ಟಿಯಾಗಿ ಏನನ್ನೂ ಹೇಳುತ್ತಿರಲಿಲ್ಲ. ಪೆಂಗ್ವಿನ್‌ಗಳು ಬಂದರೂ ಫ್ಯಾನು ತಿರುಗುತ್ತಲೇ ಇತ್ತು. "ಸಾಕಾಗ್ಯದಲೇ" ಎಂದರು ಒಮ್ಮೆ.

ಹೀಗಿರುವಾಗ ಒಂದು ಸಂಜೆ ಹೈಸ್ಕೂಲು ಮಕ್ಕಳ ಪಾಠ ಬರುತ್ತಿತ್ತು. ಪರದೆಯ ಮೇಲೆ ನಮ್ಮ ಕಡೆ ಮುಖ ಮಾಡಿ ನಿಂತ ಮನುಷ್ಯನ ದೊಡ್ಡ ಚಿತ್ರ, ಅದರೊಳಗೆ ಕೆಂಪಗೆ ಬಡಿದುಕೊಳ್ಳುವ ಹೃದಯ. ಪಾಠ ಹೇಳುವಾಕೆ ಕೋಲಿನಿಂದ ಅದನ್ನು ಮುಟ್ಟಿ ತೋರಿಸುತ್ತಿದ್ದಳು. ಅತ್ತೆ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತಿ ನೋಡಿದರು. ಚಿತ್ರದಲ್ಲಿ ಹೃದಯ ಇದ್ದದ್ದು ನೋಡುವವರ ಬಲಕ್ಕೆ. ಅದನ್ನೇ ನೋಡುತ್ತ ತಮ್ಮ ಎದೆಯ ಬಲಗಡೆ ಕೈಯಿಟ್ಟುಕೊಂಡು, ಯಾರಿಗೂ ಅಲ್ಲ, ತಮ್ಮಷ್ಟಕ್ಕೆ ಮೆಲ್ಲಗೆ, "ಹೌದಾ, ಇಲ್ಲಿ ಇರ್ತದ" ಎಂದರು.

ಅದು ನಾಟಕವಾಗಿರಲಿಲ್ಲ. ಅಷ್ಟು ತಿಂಗಳಲ್ಲಿ ಅತ್ತೆ ಮಾಡಿದ ಮೊದಲ ನಿಜವಾದ ತಪ್ಪು ಅದು!

ಮಂಚ ಕಿರ್ರೆಂದಿತು. ಮಾವ ಎಡಗೈ ಚಾಚಿ ಅತ್ತೆಯ ಮುಂಗೈ ಹಿಡಿದರು. ಆ ಮಡಿವಂತರ ಮನೆಯಲ್ಲಿ, ನನ್ನೆದುರಿಗೆ, ಅವರು ಹೆಂಡತಿಯ ಕೈ ಹಿಡಿದದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಹಿಡಿದ ಕೈಯನ್ನು ಬಲದಿಂದ ಎಡಕ್ಕೆ ನಿಧಾನವಾಗಿ ಎಳೆದು ಅಲ್ಲಿ ಒತ್ತಿದರು. ಮುಖವೆಲ್ಲ ಗಂಟಾಯಿತು, ಗಂಟಲ ನರ ಉಬ್ಬಿತು.

"ತ... ತಪ್ಪು."

ಎಷ್ಟೋ ವರ್ಷ ಮಕ್ಕಳ ಕಳ್ಳಾಟ ನೋಡಿದ ಮೇಷ್ಟ್ರು. ಬೇಕೆಂದೇ ಹೇಳಿದ ತಪ್ಪಿಗೆ ಅವರ ಮಾತು ಖರ್ಚಾಗುವಂತಿರಲಿಲ್ಲವೇನೋ! ನನಗೆ ಆಗ ಅದೆಲ್ಲ ಹೊಳೆಯಲಿಲ್ಲ.

ಅತ್ತೆ ಅಳಲಿಲ್ಲ. ಏನು ಮಾಡಿದರು ಗೊತ್ತೇ? ಗಂಡನ ಮುಖ ನೋಡುತ್ತ, ಕೈಯನ್ನು ಎಡದಿಂದ ತೆಗೆದು, ತಿರುಗಿ ಬಲಗಡೆಯೇ ಇಟ್ಟುಕೊಂಡರು!

"ಇಲ್ಲರೀ, ಇಲ್ಲೇ ಅದ."

"ತಪ್ಪು!" ಈ ಸಲ ಸ್ಪಷ್ಟವಾಗಿತ್ತು, ಸಿಟ್ಟೂ ಇತ್ತು. ಕುರುಗೋಡಿನ ಮಕ್ಕಳೆಲ್ಲ ಹೆದರುತ್ತಿದ್ದ ಆ ಹಳೆಯ ಸಿಟ್ಟು.

ಅತ್ತೆಯ ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯತೊಡಗಿತು. ಕೈಯನ್ನು ಮಾತ್ರ ಬಲಗಡೆಯಿಂದ ಕದಲಿಸಲಿಲ್ಲ. ನನ್ನ ಕಡೆ ತಿರುಗದೆಯೇ ಹೇಳಿದರು:

"ಲೇ, ಆ ಟೀವಿ ಆರಿಸು. ನಿಮ್ಮ ಮಾವ ಪಾಠ ಮಾಡ್ಲಿಕ್ಕತ್ತಾರ."